ಬೇಸಿಗೆಗೆ ಮುನ್ನ ಸೂರಿನತ್ತ ಒಮ್ಮೆ ನೋಡಿ

ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಮನೆ ಮಾಡಿಕೊಂಡಿರುವ ಕನ್ನಡಿಗರಿಗೆ ಒಂದು ಮಾತು. ಸಿಯಾಟಲ್‌ನ ಜಿಟಿಜಿಟಿ ಮಳೆ ಕಂಡು ಕಾಡ್ಗಿಚ್ಚಿನ ಚಿಂತೆ ನಮಗಿಲ್ಲ ಎಂದುಕೊಳ್ಳಬೇಡಿ. ಕ್ಯಾಸ್ಕೇಡ್ ಬೆಟ್ಟಸಾಲು ದಾಟಿದರೆ ಬೇಸಿಗೆಯಲ್ಲಿ ಎಲ್ಲವೂ ಒಣ. 2020ರ ಸೆಪ್ಟೆಂಬರ್ 7ರಂದು ಮಾಲ್ಡನ್ ಎಂಬ ಪುಟ್ಟ ಊರಿನ ಬಹುಪಾಲು ಕಟ್ಟಡಗಳು ಒಂದೇ ದಿನದಲ್ಲಿ ಸುಟ್ಟುಹೋದವು.

ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆ ಸರ್ಕಾರಿ ಕಾಡನ್ನೂ ನೋಡಿಕೊಳ್ಳುತ್ತದೆ, ಕಾಡಿನ ಬೆಂಕಿಯನ್ನೂ ಆರಿಸುತ್ತದೆ. 2021ರಲ್ಲಿ ಅದು ‘ವೈಲ್ಡ್‌ಫೈರ್ ರೆಡಿ ನೇಬರ್ಸ್’ ಎಂಬ ಕಾರ್ಯಕ್ರಮ ಆರಂಭಿಸಿತು. ಅಪಾಯ ಹೆಚ್ಚಿರುವ ಕಡೆ ತಿಳಿದವರು ಮನೆಗೇ ಬಂದು, ಕಾಸು ಕೇಳದೆ, ಬೆಂಕಿ ಎಲ್ಲಿ ಹತ್ತಬಹುದೆಂದು ತೋರಿಸುತ್ತಾರೆ. ಸಂಕೋಚ ಬಿಟ್ಟು ಕರೆಯಿರಿ.

ಇಂಥ ಬೆಂಕಿಯಲ್ಲಿ ಮನೆಗಳನ್ನು ಹೆಚ್ಚಾಗಿ ಸುಡುವುದು ದೂರದ ಜ್ವಾಲೆಯಲ್ಲ, ಗಾಳಿಯಲ್ಲಿ ತೂರಿಬರುವ ಕೆಂಡದ ಕಿಡಿ. ಸೂರಿನಂಚಿನ ನೀರು ದೋಣಿಯಲ್ಲಿ ಒಣಗಿ ಬಿದ್ದ ಪೈನ್ ಎಲೆ, ಡೆಕ್ಕಿನ ಕೆಳಗೆ ಪೇರಿಸಿಟ್ಟ ಸೌದೆ, ಅಂಗಳದ ತೊಗಟೆಚೂರಿನ ಹಾಸು ಸಿಕ್ಕರೆ ಅದಕ್ಕೆ ಸಾಕು. ಗೋಡೆಯಿಂದ 5 ಅಡಿಯೊಳಗೆ ಉರಿಯುವಂಥದ್ದು ಏನೂ ಬೇಡ. ಅಲ್ಲಿ ಜಲ್ಲಿ ಹರಡಿ. ಅರ್ಧ ದಿನದ ಕೆಲಸ, ನಿಜಕ್ಕೂ ಮನೆ ಉಳಿಸುವ ಕೆಲಸ.

ಕಾಡಿಗೆ ಹೋದಾಗ ಒಲೆ ಹೂಡುವ ಮುನ್ನ ಆ ದಿನ ನಿಷೇಧವಿದೆಯೇ ಎಂದು ವಿಚಾರಿಸಿ. ಹೊರಡುವಾಗ ನೀರು ಸುರಿದು, ಕೆದಕಿ, ಬಿಸಿ ಉಳಿದಿದೆಯೇ ಎಂದು ಕೈಯಿಟ್ಟು ನೋಡಿ. ದೀಪಾವಳಿಗೆ ಬಾಗಿಲಲ್ಲಿ ಆಕಾಶಬುಟ್ಟಿ ತೂಗಲಿ. ಆದರೆ ಉರಿಯುವ ದೀಪವನ್ನು ಬಾನಿಗೆ ಹಾರಿಬಿಡಬೇಡಿ. ಇಲಾಖೆ ಕಾಯುವ ನೆಲದಲ್ಲಿ ಅದೂ ಪಟಾಕಿಯೂ ಕಾನೂನಿಗೆ ವಿರುದ್ಧ.