ರೀಸ್ಟಾರ್ಟ್‌ಗೆ ಮುಂಚೆ

ನೋಡಮ್ಮ, ಸರ್ವರ್‌ಗಳು ಒಂದನ್ನೊಂದು ಗುರುತಿಸುತ್ತಿಲ್ಲ ಎಂದು ಟಿಕೆಟ್ ಬಂದ ತಕ್ಷಣ ಕೈ ಹೋಗುವುದು ರೀಸ್ಟಾರ್ಟ್ ಕಡೆಗೆ. ಸ್ವಲ್ಪ ತಡೆ. ಎಲ್ಲ ನೋಡ್‌ಗಳನ್ನೂ ಒಟ್ಟಿಗೆ ರೀಸ್ಟಾರ್ಟ್ ಮಾಡಿದರೆ ಬಹುಶಃ ಸರಿಹೋಗುತ್ತದೆ. ನನಗೆ ಭಯ ಇರುವುದೇ ಅಲ್ಲಿ. ಯಾಕೆ ಸರಿಹೋಯಿತೆಂದು ತಿಳಿಯದೆ ಟಿಕೆಟ್ ಮುಚ್ಚಿದರೆ ಅದೇ ತೊಂದರೆ ಇನ್ನೊಂದು ರಾತ್ರಿ, ಇನ್ನೊಬ್ಬರ ಪಾಳಿಯಲ್ಲಿ ಬಂದು ಕೂರುತ್ತದೆ.

ಸರ್ವರ್‌ಗಳನ್ನು ಒಂದು ಕ್ಲಸ್ಟರ್ ಆಗಿ ಕೂಡಿಸುವ ಹೇಜಲ್‌ಕಾಸ್ಟ್ ಅನ್ನೇ ತೆಗೆದುಕೊ. ಮಲ್ಟಿಕಾಸ್ಟ್ ಆನ್ ಇದ್ದರೆ ಹೊಸ ನೋಡ್ ಏಳುವಾಗ 224.2.2.3 ಎಂಬ ಗುಂಪು ವಿಳಾಸಕ್ಕೆ, 54327ನೇ ಪೋರ್ಟ್‌ನಲ್ಲಿ, ಓಣಿಯಲ್ಲಿ ನಿಂತು ಕೂಗಿದ ಹಾಗೆ ‘ಯಾರಾದರೂ ಇದ್ದೀರಾ’ ಎಂದು ಕೇಳುತ್ತದೆ. ಉತ್ತರ ಬರದಿದ್ದರೆ ತಾನೇ ಯಜಮಾನ ಎಂದುಕೊಂಡು ಒಬ್ಬಂಟಿ ಕ್ಲಸ್ಟರ್ ಕಟ್ಟಿಕೊಳ್ಳುತ್ತದೆ. ಇದು ಅದರ ಲೆಕ್ಕದಲ್ಲಿ ತಪ್ಪೇ ಅಲ್ಲ, ಹಾಗಾಗಿ ಲಾಗ್‌ನಲ್ಲಿ ಎರರ್ ಹುಡುಕಿದರೆ ಸಿಗದೆ ಹೋಗಬಹುದು. ಸದಸ್ಯರ ಪಟ್ಟಿಯ ಸಾಲು ಹುಡುಕು. ಅಲ್ಲಿ ಸೈಜ್ 1 ಎಂದಿದ್ದರೆ ಅದೇ ನಿನ್ನ ಎರರ್. ಇಬ್ಬರು ಯಜಮಾನರಾದರೆ ಒಂದೇ ಲಾಕ್ ಇಬ್ಬರ ಕೈಗೂ ಸಿಗುತ್ತದೆ. ರಾತ್ರಿಯ ಬಿಲ್ಲಿಂಗ್ ಜಾಬ್ ಎರಡು ಸಲ ಓಡಿದರೆ ಯಾರದೋ ಖಾತೆಯಿಂದ ಹಣವೂ ಎರಡು ಸಲ ಹೋಗುತ್ತದೆ. ನಾವೆಂದೂ ನೋಡದ ಆ ಮನುಷ್ಯನನ್ನು ನೆನೆದು ಈ ಕೆಲಸ ಮಾಡು.

ಲಾಗ್ ಓದಿದ ಮೇಲೆ, ಒಂದನ್ನೊಂದು ಗುರುತಿಸದ ಎರಡೂ ಯಂತ್ರಗಳಲ್ಲಿ ಪ್ಯಾಕೆಟ್ ಹಿಡಿದು ತೋರಿಸುವ ಟಿಸಿಪಿಡಂಪ್ ಹಾಕು. ಎರಡರಲ್ಲೂ, ಒಂದರಲ್ಲಿ ಅಲ್ಲ. ಕಳಿಸುವ ಕಡೆಯೇ ಪ್ಯಾಕೆಟ್ ಕಾಣದಿದ್ದರೆ ಅದು ಬೇರೆ ಇಂಟರ್‌ಫೇಸ್‌ನಿಂದ ಹೊರಟಿರಬಹುದು. ಡಾಕರ್‌ನ ಬ್ರಿಡ್ಜ್ ಅಥವಾ ವಿಪಿಎನ್ ಇರುವ ಯಂತ್ರದಲ್ಲಿ ಇದು ಮಾಮೂಲು. ಎರಡೂ ಕಡೆ ಪ್ಯಾಕೆಟ್ ಕಂಡೂ ಅಪ್ಲಿಕೇಶನ್‌ಗೆ ತಲುಪದಿದ್ದರೆ ಫೈರ್‌ವಾಲ್ ನೋಡು. ಹೊರಟ ಪ್ಯಾಕೆಟ್ ಆ ಕಡೆ ಬರಲೇ ಇಲ್ಲ ಎಂದಾದರೆ ನಡುವಿನ ಸ್ವಿಚ್ ಕಡೆ ತಿರುಗು.

ನಾನು ಬಿಡಿಸಿ ಹೇಳಬೇಕೆಂದಿರುವುದು ಈ ಸ್ವಿಚ್‌ನ ವಿಷಯ. ತನ್ನ ಯಾವ ಪೋರ್ಟ್‌ನಲ್ಲಿ ಯಾವ ಗುಂಪಿನ ಸದಸ್ಯರಿದ್ದಾರೆ ಎಂದು ಸ್ವಿಚ್, ಗುಂಪಿಗೆ ಸೇರುವವರು ಕಳಿಸುವ ಐಜಿಎಂಪಿ ಸಂದೇಶಗಳನ್ನು ಇಣುಕಿ ನೋಡಿ ಬರೆದಿಟ್ಟುಕೊಳ್ಳುತ್ತದೆ. ಇದಕ್ಕೆ ಸ್ನೂಪಿಂಗ್ ಅನ್ನುತ್ತಾರೆ. ಆ ಪಟ್ಟಿ ಹಸನಾಗಿ ಉಳಿಯಬೇಕಾದರೆ ‘ಇನ್ನೂ ಇದ್ದೀರಾ’ ಎಂದು ಆಗಾಗ ಕೇಳುವ ಕ್ವೆರಿಯರ್ ಒಂದು ನೆಟ್‌ವರ್ಕ್‌ನಲ್ಲಿರಬೇಕು. ಡೀಫಾಲ್ಟ್ ಪ್ರಕಾರ 125 ಸೆಕೆಂಡಿಗೊಮ್ಮೆ ಅದು ಕೇಳುತ್ತದೆ. ಕೇಳುವವರೇ ಇಲ್ಲದಿದ್ದರೆ ಸದಸ್ಯರೂ ಸುಮ್ಮನಿರುತ್ತಾರೆ, ಸಾಮಾನ್ಯವಾಗಿ 260 ಸೆಕೆಂಡಿಗೆ ಸ್ವಿಚ್ ಅವರ ಹೆಸರು ಅಳಿಸಿಹಾಕುತ್ತದೆ. ಈಗ ರೀಸ್ಟಾರ್ಟ್ ಲೆಕ್ಕ ಹಾಕು. ಎಲ್ಲ ನೋಡ್‌ಗಳೂ ಒಟ್ಟಿಗೆ ಎದ್ದಾಗ ಸ್ವಿಚ್‌ನ ಪಟ್ಟಿಯಲ್ಲಿ ಹೆಸರುಗಳೆಲ್ಲ ಹೊಸವು, ಎಲ್ಲರೂ ಕೂಡಿಕೊಳ್ಳುತ್ತಾರೆ. ಒಮ್ಮೆ ಕೂಡಿದ ಮೇಲೆ ಮಾತುಕತೆಯೆಲ್ಲ ಟಿಸಿಪಿ ಮೇಲೆ, ಹಾಗಾಗಿ ಅಳಿಸಿದ್ದು ಯಾರಿಗೂ ತಿಳಿಯುವುದಿಲ್ಲ. ವಾರ ಕಳೆದು ಒಂದೇ ನೋಡ್ ಬಿದ್ದು ಎದ್ದರೆ ಅದರ ಕೂಗು ಹಳೆಯವರನ್ನು ಮುಟ್ಟುವುದಿಲ್ಲ.

ಆದ್ದರಿಂದ ಪರೀಕ್ಷೆ ಮಾಡುವಾಗ ಎಲ್ಲ ನೋಡ್‌ಗಳೂ ಕೂಡಿದ ಮೇಲೆ ಐದಾರು ನಿಮಿಷ ಕಾದು ಒಂದನ್ನು ಮಾತ್ರ ರೀಸ್ಟಾರ್ಟ್ ಮಾಡು. ಆಗ ಅದು ಒಂಟಿಯಾದರೆ ನೆಟ್‌ವರ್ಕ್ ತಂಡದವರಿಗೆ ಎರಡೂ ಕಡೆಯ ಕ್ಯಾಪ್ಚರ್ ಕೊಟ್ಟು, ಆ ವಿಎಲ್ಯಾನ್‌ನಲ್ಲಿ ಕ್ವೆರಿಯರ್ ಇದೆಯೇ ಎಂದು ಕೇಳು. ನಿಮ್ಮ ನೆಟ್‌ವರ್ಕ್ ಸರಿಯಿಲ್ಲ ಎಂದು ಶುರುಮಾಡಬೇಡ, ಮಾತು ಅಲ್ಲಿಗೇ ನಿಂತುಬಿಡುತ್ತದೆ. ಬಿಡುವಾದಾಗ 1989ರಲ್ಲಿ ಸ್ಟೀವ್ ಡೀರಿಂಗ್ ಬರೆದ ಆರ್‌ಎಫ್‌ಸಿ 1112 ಓದು. ಹಳೆಯದು, ಆದರೆ ಐಜಿಎಂಪಿಯ ಬೇರು ಅಲ್ಲೇ ಇದೆ.

ಕ್ಲೌಡ್‌ನಲ್ಲಿ ಈ ಹುಡುಕಾಟವೇ ಬೇಡ. ಅಮೆಜಾನ್‌ನ ವಿಪಿಸಿಯಲ್ಲಿ ಟ್ರಾನ್ಸಿಟ್ ಗೇಟ್‌ವೇ ಮೂಲಕ ಬೇರೆಯಾಗಿ ಏರ್ಪಾಡು ಮಾಡದಿದ್ದರೆ ಮಲ್ಟಿಕಾಸ್ಟ್ ಹೋಗುವುದಿಲ್ಲ. ಅಲ್ಲಿ ನೋಡ್‌ಗಳ ವಿಳಾಸಗಳನ್ನು ಬರೆದುಕೊಡು, ಇಲ್ಲವೇ ಹೇಜಲ್‌ಕಾಸ್ಟ್‌ನ ಅಮೆಜಾನ್ ಪ್ಲಗಿನ್ ಬಳಸು.

ಇನ್ನೊಂದು ಮಾತು. ನಿನ್ನ ಲ್ಯಾಪ್‌ಟಾಪ್‌ನಲ್ಲೂ ಕ್ಲಸ್ಟರ್‌ನ ಡೀಫಾಲ್ಟ್ ಹೆಸರು ಬಿಡಬೇಡ. ಒಂದೇ ನೆಟ್‌ವರ್ಕ್‌ನಲ್ಲಿ ಅದೇ ಹೆಸರಿನ ಇನ್ನೊಂದು ಕ್ಲಸ್ಟರ್ ಇದ್ದರೆ ನಿನ್ನ ಅರೆಬರೆ ಕೋಡ್ ಸದ್ದಿಲ್ಲದೆ ಅದರ ಸದಸ್ಯನಾಗಿ ಸೇರಿಕೊಂಡು, ಅದರ ಡೇಟಾದಲ್ಲಿ ಪಾಲು ಹೊತ್ತುಕೊಳ್ಳುತ್ತದೆ. ನೀನು ಸಂಜೆ ಲ್ಯಾಪ್‌ಟಾಪ್ ಮುಚ್ಚಿ ಮನೆಗೆ ಹೊರಟಾಗ ಆ ಕ್ಲಸ್ಟರ್ ನೋಡಿಕೊಳ್ಳುವವರಿಗೆ ಒಂದು ನೋಡ್ ಬಿದ್ದ ಅಲಾರಂ ಹೊಡೆಯುತ್ತದೆ.