ಡ್ರಿಪ್ ಸೂಜಿಗೆ ಯಾವ ಪಟ್ಟಿ ಒಳ್ಳೇದು?



ಶಿಕಾರಿಪುರ, ಸೊರಬದ ಆಸ್ಪತ್ರೆಗಳಲ್ಲಿ ರೋಗಿಯ ಪಕ್ಕ ಕೂರುವವರು ಹೆಚ್ಚಾಗಿ ನಾವು ಹೆಂಗಸರೇ. ಮಂಗನ ಕಾಯಿಲೆಯನ್ನೇ ನೋಡಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಕಂಡ ಈ ಜ್ವರಕ್ಕೆ ಇಂದಿಗೂ ಸಾಬೀತಾದ ನಿರ್ದಿಷ್ಟ ಔಷಧಿ ಇಲ್ಲ. ಡ್ರಿಪ್ ಮೊದಲಾದ ಆರೈಕೆಯೇ ಆಧಾರ. ಹಾಗಾಗಿ ಹಾಕಿದ ಸೂಜಿ ಸರಿಯಾಗಿ ನಿಲ್ಲಬೇಕು.

ನಾವು ಸೂಜಿ ಅಂತೀವಿ. ಆದರೆ ಕೈಯೊಳಗೆ ಉಳಿಯೋದು ಕ್ಯಾನುಲಾ ಎಂಬ ಮೆತ್ತನೆಯ ಪ್ಲಾಸ್ಟಿಕ್ ಕೊಳವೆ. ಅದು ಅಲುಗಾಡಿದರೆ ರಕ್ತನಾಳ ಉರಿಯುತ್ತದೆ, ಕೈ ಊದುತ್ತದೆ, ಮತ್ತೆ ಚುಚ್ಚಬೇಕಾಗುತ್ತದೆ.

ಅಂಟಿಸುವ ವಿಧಾನಗಳು:

1. ಅಡ್ಡ ಪಟ್ಟಿ: ಕ್ಯಾನುಲಾದ ರೆಕ್ಕೆಗಳ ಮೇಲೆ ಅಡ್ಡವಾಗಿ ಟೇಪ್. ಸುಲಭ, ಖರ್ಚು ಕಡಿಮೆ. ಚುಚ್ಚಿದ ಜಾಗ ಮುಚ್ಚಿಹೋದರೆ ಊತ ಕಾಣೋದಿಲ್ಲ.

2. ಕತ್ತರಿ ಪಟ್ಟಿ: ಸಣ್ಣ ಟೇಪನ್ನು ಕೆಳಗಿನಿಂದ ತಂದು ಎರಡು ತುದಿಗಳನ್ನು ಮೇಲೆ ಕತ್ತರಿಯಂತೆ ದಾಟಿಸುವುದು. ಹಿಂದಕ್ಕೆ ಜಾರದಂತೆ ಹಿಡಿಯುತ್ತದೆ. ಚುಚ್ಚಿದ ಜಾಗಕ್ಕೆ ಟೇಪ್ ತಾಗಬಾರದು.

3. ಪಾರದರ್ಶಕ ಪಟ್ಟಿ: ಕ್ರಿಮಿರಹಿತವಾಗಿ ಬರುತ್ತದೆ, ಒಳಗಿನ ಜಾಗ ಕಾಣುತ್ತದೆ. ಬೆಲೆ ಹೆಚ್ಚು. ಬೆವರಿದರೆ ಅಂಚು ಬಿಡುತ್ತದೆ.

ಯಾವುದನ್ನು ಹಾಕಿದರೂ ಡ್ರಿಪ್ ನಳಿಗೆಯನ್ನು ಒಂದು ಸುತ್ತು ಬಳಸಿ ಕೈಗೆ ಅಂಟಿಸಿದರೆ ಒಳ್ಳೇದು. ಆಗ ಎಳೆತ ಸುತ್ತಿಗೆ ಬೀಳುತ್ತದೆ, ಕ್ಯಾನುಲಾಗೆ ಅಲ್ಲ.

ದುಬಾರಿ ಪಟ್ಟಿಯೇ ಮೇಲು ಎನ್ನೋಣವೇ? ಆಸ್ಟ್ರೇಲಿಯಾದ ಎರಡು ಆಸ್ಪತ್ರೆಗಳಲ್ಲಿ ಸುಮಾರು 1,700 ರೋಗಿಗಳ ಮೇಲೆ ನಾಲ್ಕು ವಿಧಾನಗಳನ್ನು ಹೋಲಿಸಿದರು. 2018ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಯಾವುದೂ ಸ್ಪಷ್ಟವಾಗಿ ಮೇಲಲ್ಲ. ನಾಲ್ಕರಲ್ಲೂ ನೂರಕ್ಕೆ ಸುಮಾರು 40 ಕ್ಯಾನುಲಾ ಅವಧಿಗೆ ಮೊದಲೇ ಕೆಟ್ಟವು. ಅಂದರೆ ಪಟ್ಟಿ ಯಾವುದೇ ಇರಲಿ, ಆಗಾಗ ನೋಡುತ್ತಿರಬೇಕು.

ಪಕ್ಕದಲ್ಲಿರುವವರು ಗಮನಿಸಬೇಕಾದ್ದು:

• ಪಟ್ಟಿ ಒದ್ದೆಯಾಗಿದೆಯೇ, ಅಂಚು ಎದ್ದಿದೆಯೇ?
• ನೋವು, ಕೆಂಪು, ಊತ, ಸೋರಿಕೆ ಇದೆಯೇ?
• ಟೇಪ್ ಕೈಸುತ್ತ ಬಿಗಿಯಾಗಿ ಬೆರಳು ತಣ್ಣಗಾಗಿದೆಯೇ?

ಒಂದು ಕಂಡರೂ ಸಿಸ್ಟರ್‌ಗೆ ಕೂಡಲೇ ಹೇಳಿ. "ಬೈತಾರೇನೋ" ಅಂತ ಹೆದರಬೇಡಿ. ನೀವೇ ಬಿಚ್ಚಿ ಅಂಟಿಸಬೇಡಿ. ಕ್ಯಾನುಲಾ ಕಿತ್ತು ಬಂದರೆ ಶುದ್ಧ ಹತ್ತಿಯಿಂದ ಒತ್ತಿ ಹಿಡಿದು ಸಿಸ್ಟರ್‌ನ ಕರೆಯಿರಿ. ಮಕ್ಕಳು ಮತ್ತು ವಯಸ್ಸಾದವರ ಚರ್ಮ ತೆಳು. ಪಟ್ಟಿ ತೆಗೆಯುವಾಗ ನಿಧಾನವಾಗಿ ತೆಗೆಯಲು ಕೇಳಿಕೊಳ್ಳಿ.

ಸಭೆಯಲ್ಲಿ ಚರ್ಚಿಸಿ: ನಮ್ಮ ಸಂಘದಲ್ಲಿ ಯಾರಾದರೂ ಆಸ್ಪತ್ರೆಗೆ ಸೇರಿದರೆ, ರಾತ್ರಿ ಹೊತ್ತು ಪಕ್ಕದಲ್ಲಿ ಕೂರಲು ಸರದಿ ಹೇಗೆ ಹಂಚಿಕೊಳ್ಳೋಣ?