ನಿರೀಕ್ಷಿತ ಉತ್ತರ ಬರೆಯುವವರು ಯಾರು?

ಕ್ಯಾಶ್ ಬುಕ್ಕನ್ನು ಪಾಸ್ ಬುಕ್ಕಿನೊಂದಿಗೆ ತಾಳೆ ನೋಡುವುದು ನಮ್ಮ ಕಾಮರ್ಸ್ ಪಾಠ. ಡೇಟಾಬೇಸ್ ಪರೀಕ್ಷೆಯೂ ಹಾಗೆಯೇ. ಪೋಸ್ಟ್‌ಗ್ರೆಸ್‌ಕ್ಯೂಎಲ್ ಎಂಬ ಉಚಿತ ಡೇಟಾಬೇಸ್‌ನ ಸೋರ್ಸ್ ಕೋಡ್‌ನಲ್ಲಿ 'ಎಸ್‌ಕ್ಯೂಎಲ್' ಫೋಲ್ಡರ್‌ನಲ್ಲಿ ಪ್ರಶ್ನೆಗಳೂ 'ಎಕ್ಸ್‌ಪೆಕ್ಟೆಡ್' ಫೋಲ್ಡರ್‌ನಲ್ಲಿ ಬರಬೇಕಾದ ಉತ್ತರಗಳೂ ಇವೆ. ಪರೀಕ್ಷೆ ನಡೆಸಿದಾಗ ಬಂದ ಉತ್ತರ 'ರಿಸಲ್ಟ್ಸ್' ಫೋಲ್ಡರ್ ಸೇರುತ್ತದೆ. 'ಡಿಫ್' ಎರಡನ್ನೂ ಸಾಲು ಸಾಲಾಗಿ ಹೋಲಿಸುತ್ತದೆ.

ಬರಬೇಕಾದ ಉತ್ತರದ ಫೈಲನ್ನು ತಯಾರಿಸುವುದು ಹೇಗೆ? ನೂರಾರು ಸಾಲನ್ನು ಯಾರೂ ಕೈಯಲ್ಲಿ ಟೈಪ್ ಮಾಡುವುದಿಲ್ಲ. ಶೆಲ್ ಸ್ಕ್ರಿಪ್ಟ್‌ನಲ್ಲಿ ಒಂದು 'ಫಾರ್' ಲೂಪ್ ಸಾಕು: ಒಂದೊಂದೇ ಪ್ರಶ್ನೆಯ ಫೈಲನ್ನು ಡೇಟಾಬೇಸ್‌ಗೆ ಕೊಟ್ಟು, > ಚಿಹ್ನೆಯಿಂದ ಉತ್ತರವನ್ನು ಹೊಸ ಫೈಲಿಗೆ ಇಳಿಸುತ್ತದೆ. ಅಪಾಯವಿರುವುದೂ ಇಲ್ಲೇ. ಪಾಸ್ ಬುಕ್ ನೋಡಿಕೊಂಡೇ ಕ್ಯಾಶ್ ಬುಕ್ ಬರೆದರೆ ಎರಡೂ ತಾಳೆಯಾಗದೆ ಇನ್ನೇನು?

ಮೂವರು ಗಿರಾಕಿಗಳ ಬಾಕಿ ನೋಡಿ: 500, 400, ಮೂರನೆಯದು ಖಾಲಿ, ಅಂದರೆ 'ನಲ್'. ಸರಾಸರಿ ಕೇಳಿದರೆ ಎಸ್‌ಕ್ಯೂಎಲ್ 450 ಎನ್ನುತ್ತದೆ, ಏಕೆಂದರೆ 'ಎವಿಜಿ' ನಲ್ ಅನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಆದರೆ ನಮ್ಮ ಅಬ್ಬಾ ಅವರ ಉದ್ರಿ ಪುಸ್ತಕದಲ್ಲಿ ಖಾಲಿ ಎಂದರೆ ಬಾಕಿ ಸೊನ್ನೆ. ಸರಾಸರಿ 300 ಬರಬೇಕು. ಡೇಟಾಬೇಸ್ ತಪ್ಪು ಮಾಡಿಲ್ಲ, ನಮ್ಮ ಪ್ರಶ್ನೆ ಅಂಗಡಿಗೆ ಹೊಂದಿಲ್ಲ. ಸ್ಕ್ರಿಪ್ಟ್ ಮಾತ್ರ ಏನೂ ಕೇಳದೆ 450 ಎಂದು ಬರೆದಿಡುತ್ತದೆ. ಆಮೇಲೆ ಪ್ರತಿ ಪರೀಕ್ಷೆಯೂ ಪಾಸ್! ಆದ್ದರಿಂದ ನಾಲ್ಕೈದು ಸಾಲಿನ ಚಿಕ್ಕ ಟೇಬಲ್ ಮಾಡಿ, ಉತ್ತರವನ್ನು ಮೊದಲು ಕಾಗದದ ಮೇಲೆ ಲೆಕ್ಕ ಹಾಕಿ, ನಂತರ ಸ್ಕ್ರಿಪ್ಟ್ ಕೊಟ್ಟ ಫೈಲನ್ನು ಅದರೊಂದಿಗೆ ನೋಡಬೇಕು.

ಇನ್ನೊಂದು ಮಾತು: ಪ್ರಶ್ನೆಯಲ್ಲಿ 'ಆರ್ಡರ್ ಬೈ' ಇರಲಿ. ಇಲ್ಲದಿದ್ದರೆ ಸಾಲುಗಳು ಯಾವ ಕ್ರಮದಲ್ಲಾದರೂ ಬರಬಹುದು, ಉತ್ತರ ಸರಿಯಿದ್ದರೂ ಡಿಫ್ ತಕರಾರು ತೆಗೆಯುತ್ತದೆ.